ಕ್ಲೋಸರ್‌ಗೆ 25 ಡಾಲರ್ ಕೊಡಬೇಡ, ಅಪ್ಪೀ

ಅಪ್ಪೀ, ನಿನ್ನ ಪ್ರಶ್ನೆಯನ್ನು ಬೆಳಗ್ಗೆಯೇ ನೋಡಿದೆ. ನಾಳೆ ರಾತ್ರಿ ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ ಹರಾಜು, ಈ ಸಲ ಕ್ಲೋಸರ್‌ಗಳ (ಗೆಲ್ಲುತ್ತಿರುವ ಪಂದ್ಯದ ಕೊನೆಯಲ್ಲಿ ಚೆಂಡೆಸೆಯಲು ಬರುವವರ) ಬೆಲೆ ಏರುತ್ತದಂತೆ, ಒಬ್ಬ ಒಳ್ಳೆಯವನಿಗೆ 25 ಡಾಲರ್ ಎತ್ತಿಡಲೇ, ಇಡದಿದ್ದರೆ ಅವರು ಉಳಿಸಿಕೊಟ್ಟ ಗೆಲುವುಗಳನ್ನು ಎಣಿಸುವ ಸೇವ್ ಲೆಕ್ಕದಲ್ಲಿ ಎಲ್ಲರಿಗಿಂತ ಕೆಳಗೆ ಬೀಳುತ್ತೇನೆಯೇ ಎಂದು ಹೆದರಿಕೊಂಡು ಬರೆದಿದ್ದೀಯೆ. ಇಷ್ಟು ಚಿಕ್ಕ ಅಕ್ಷರಗಳನ್ನು ಒತ್ತುತ್ತಾ ಕೂರುವುದು ನನ್ನಿಂದ ಆಗದು, ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ. ಉದ್ದವಾಯಿತೆಂದು ನಿನ್ನ ದೊಡ್ಡಮ್ಮನ ಹಾಗೆ ನಡುವೆ ನಿಲ್ಲಿಸಬೇಡ.

ಕೊಡಬೇಡ. ಕ್ಲೋಸರ್‌ಗೆ 25 ಡಾಲರ್ ಕೊಡಬೇಡ. ಕೈಯಲ್ಲಿರುವುದು 260 ಡಾಲರ್, ಕೊಳ್ಳಬೇಕಾದವರು 23 ಜನ. ಶಿರಸಿಯಲ್ಲಿ ಇದನ್ನು ಕೇಳಿಸಿಕೊಳ್ಳುತ್ತಿರುವ ನಿನ್ನ ಅಮ್ಮ ಗಾಬರಿಯಾಗುವುದು ಬೇಡ, ಇದು ನಿಜವಾದ ದುಡ್ಡಲ್ಲ, ಆಟದ ಲೆಕ್ಕದ ದುಡ್ಡು. ಬೇಸ್‌ಬಾಲಿನ ನಿಜವಾದ ಆಟಗಾರರನ್ನು ಲೆಕ್ಕದ ಮಟ್ಟಿಗೆ ಕೊಳ್ಳುತ್ತೇವೆ, ಅವರು ಮೈದಾನದಲ್ಲಿ ಮಾಡಿದ್ದು ನಮ್ಮ ತಂಡದ ಲೆಕ್ಕಕ್ಕೆ ಬರುತ್ತದೆ. ಆದರೂ ಕಳೆದುಕೊಂಡಾಗ ಹೊಟ್ಟೆ ಉರಿಯುವುದು ಮಾತ್ರ ನಿಜವಾದದ್ದೇ.

2012ರ ಕಥೆ ನಿನಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಆಗ ನೀನು ಎಂಟು ವರ್ಷದ ಹುಡುಗ. ನಿನ್ನ ಉಪನಯನಕ್ಕೆಂದೇ ನಾವು ನ್ಯೂಜೆರ್ಸಿಯಿಂದ ಊರಿಗೆ ಬಂದಿದ್ದೆವು. ಆ ವರ್ಷದ ಹರಾಜಿನಲ್ಲಿ ನಾನು ನ್ಯೂಯಾರ್ಕಿನ ಯಾಂಕೀಸ್ ತಂಡದ ಕ್ಲೋಸರ್ ಮರಿಯಾನೊ ರಿವೆರಾನನ್ನು ಕೊಂಡಿದ್ದೆ. ಎಷ್ಟಕ್ಕೆ? 25ಕ್ಕೆ. ಅದಕ್ಕೇ ನಿನ್ನ ಪ್ರಶ್ನೆ ಓದಿದ ಕೂಡಲೇ ಎದೆ ಧಸಕ್ಕೆಂದಿತು. ಹಿಂದಿನ ಸೆಪ್ಟೆಂಬರಿನಲ್ಲಿ ಅವನು 602ನೇ ಸೇವ್ ಮಾಡಿ ಟ್ರೆವರ್ ಹಾಫ್‌ಮನ್ನನ ದಾಖಲೆಯನ್ನು ದಾಟಿದ್ದ. ನಾನು ಕಚೇರಿಯಲ್ಲಿ ಕಿವಿಗೆ ರೇಡಿಯೊ ಸಿಕ್ಕಿಸಿಕೊಂಡು ಕೇಳಿದ್ದೆ. ಆ ವರ್ಷ 44 ಸೇವ್, ಇಆರ್‌ಎ (ಒಂಬತ್ತು ಇನಿಂಗ್ಸಿಗೆ ಸರಾಸರಿ ಅವನ ಲೆಕ್ಕಕ್ಕೆ ಬಿದ್ದ ರನ್) 1.91. ಇಂಥವನಿಗೆ ದುಡ್ಡು ಕೊಡದೆ ಮತ್ತೆ ಯಾರಿಗೆ ಕೊಡಬೇಕು ಎನ್ನಿಸಿತ್ತು. ಅಭಿಮಾನಕ್ಕೆ ಕೊಟ್ಟ ಬೆಲೆ ಅದು, ಲೆಕ್ಕ ಹಾಕಿ ಕೊಟ್ಟದ್ದಲ್ಲ.

ಮೇ 3ರ ಸಂಜೆ ಕ್ಯಾನ್ಸಸ್ ಸಿಟಿಯಲ್ಲಿ ಪಂದ್ಯಕ್ಕೆ ಮುಂಚಿನ ಬ್ಯಾಟಿಂಗ್ ಅಭ್ಯಾಸ ನಡೆಯುತ್ತಿತ್ತು. ಮೈದಾನದ ಅಂಚಿನಲ್ಲಿ ನಿಂತು ಎತ್ತರದ ಚೆಂಡು ಹಿಡಿಯುವುದು ರಿವೆರಾನ ಹಳೆಯ ಅಭ್ಯಾಸ. ಗೋಡೆಯ ಹತ್ತಿರ ಓಡಿದ, ಮೊಣಕಾಲು ತಿರುಚಿತು, ಒಳಗಿನ ಲಿಗಮೆಂಟು ಹರಿಯಿತು. ಅಷ್ಟೇ. ಆಡುವಾಗಲೂ ಅಲ್ಲ, ಆಟಕ್ಕೆ ಮುಂಚೆ! ಒಂಬತ್ತು ಪಂದ್ಯ, ಐದು ಸೇವ್, ಅಲ್ಲಿಗೆ ಅವನ ವರ್ಷ ಮುಗಿಯಿತು. ಅಂದರೆ ಒಂದು ಸೇವಿಗೆ ನಾನು ತೆತ್ತದ್ದು ಐದು ಡಾಲರ್.

ಅಮೆರಿಕದಲ್ಲಿ ಸಂಜೆಯೆಂದರೆ ಶಿರಸಿಯಲ್ಲಿ ನಸುಕು. ಅಂಗಳದಲ್ಲಿ ಚಪ್ಪರಕ್ಕೆ ಅಡಿಕೆ ಮರದ ಕಂಬ ನೆಡುತ್ತಿದ್ದರು. ಹಿತ್ತಿಲಲ್ಲಿ ಹೆಂಗಸರು ತೊಡೆದೇವು ಎರೆಯುತ್ತಿದ್ದರು. ಮಗುಚಿಟ್ಟ ಮಡಕೆಯ ಬೆನ್ನಿನ ಮೇಲೆ ಬಟ್ಟೆಯಿಂದ ಹಿಟ್ಟು ಎಳೆದರೆ ಕಾಗದದಂತೆ ಎದ್ದುಬರುತ್ತದಲ್ಲ, ಅದರ ಪಕ್ಕದಲ್ಲೇ ನಾನು ಲ್ಯಾಪ್‌ಟಾಪಿಗೆ ಡೇಟಾ ಕಾರ್ಡ್ ಚುಚ್ಚಿಕೊಂಡು ಕೂತಿದ್ದೆ. ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಕೊನೆಗೆ ಅಟ್ಟದ ಕಿಟಕಿಯಲ್ಲಿ ಒಂದು ಗೆರೆ ಸಿಗ್ನಲ್ ಸಿಕ್ಕಿ ಮಿಂಚಂಚೆ ತೆರೆದುಕೊಂಡಾಗ ಮಧ್ಯಾಹ್ನ. ಬಾಸ್ಟನ್ ಮಾವನಿಂದ ಒಂದು ಪತ್ರ. ವಿಷಯದ ಜಾಗದಲ್ಲಿ ಬರೀ ‘42’. ಒಳಗೆ ಒಂದು ಅಕ್ಷರವೂ ಇಲ್ಲ. ರಿವೆರಾನ ಅಂಗಿಯ ಮೇಲಿನ ಸಂಖ್ಯೆ 42, ಆಗ ಅವನ ವಯಸ್ಸೂ 42. ರೆಡ್‌ಸಾಕ್ಸ್ (ಬಾಸ್ಟನ್ನಿನ ತಂಡ) ಅಭಿಮಾನಿ ಹಳೆಯ ಎದುರಾಳಿ ಯಾಂಕೀಸ್ ಮನೆಗೆ ಕಳಿಸಿದ ಸಂತಾಪ ಹಾಗಿರುತ್ತದೆ.

ಯಾಂಕೀಸಿನ ಮುಂದಿನ ಕ್ಲೋಸರ್ ಡೇವಿಡ್ ರಾಬರ್ಟ್‌ಸನ್ ಎಂದು ಎಲ್ಲರೂ ಅಂದುಕೊಂಡರು. ನನಗೆ ಸಿಗ್ನಲ್ ಸಿಗುವಷ್ಟರಲ್ಲಿ ಅವನನ್ನು ನಿನ್ನ ಡಲ್ಲಾಸ್ ಅಕ್ಕ ಎತ್ತಿಕೊಂಡಾಗಿತ್ತು. ಅದೇ ತಂಡದಲ್ಲಿ ಮಿಕ್ಕಿದ್ದ ರಫಾಯೆಲ್ ಸೊರಿಯಾನೊನನ್ನು ಬಾಸ್ಟನ್ ಮಾವ ಒಂದೇ ಒಂದು ಡಾಲರಿಗೆ ಹಿಡಿದಿದ್ದರು. ಎರಡು ವಾರ ತುಂಬುವ ಮೊದಲೇ ರಾಬರ್ಟ್‌ಸನ್ ಪಕ್ಕೆ ಹಿಡಿದುಕೊಂಡು ಕೂತ. ಸೊರಿಯಾನೊನಿಗೆ ಕೆಲಸ ಸಿಕ್ಕಿತು. ಆ ವರ್ಷ ಅವನ ಸೇವ್ ಎಷ್ಟು ಗೊತ್ತೇ? 42. ನಾನು ಕಟ್ಟಿ ಹೇಳುತ್ತಿಲ್ಲ, ನೋಡಿಕೋ ಬೇಕಾದರೆ. ಒಂದು ಡಾಲರಿಗೆ ನಲವತ್ತೆರಡು!

ಹಾಗೆಂದು ರಿವೆರಾನ ಬಗ್ಗೆ ಒಂದು ಕೆಟ್ಟ ಮಾತು ಆಡುವವನಲ್ಲ ನಾನು. ಮರುವರ್ಷ ಬಂದು 44 ಸೇವ್ ಮಾಡಿ, 652ಕ್ಕೆ ನಿಲ್ಲಿಸಿ, ಮರ್ಯಾದೆಯಿಂದ ನಿವೃತ್ತನಾದ. 2019ರಲ್ಲಿ ಒಂದು ಮತವೂ ತಪ್ಪದೆ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ. ತಪ್ಪು ಅವನದಲ್ಲ, ನನ್ನ ಬೆಲೆಯದು.

ಅದಕ್ಕೇ ಹೇಳುತ್ತೇನೆ, ಕ್ಲೋಸರ್‌ಗೆ 25 ಡಾಲರ್ ಕೊಡಬೇಡ. ಸೇವ್ ಎನ್ನುವುದು ಕೈಚಳಕಕ್ಕೆ ಸಿಗುವುದಕ್ಕಿಂತ ಕುರ್ಚಿಗೆ ಸಿಗುವುದು ಹೆಚ್ಚು. ಮೂರು ರನ್ನೋ ಅದಕ್ಕಿಂತ ಕಡಿಮೆಯೋ ಮುನ್ನಡೆ ಇರುವಾಗ ಬಂದು, ಅದನ್ನು ಬಿಟ್ಟುಕೊಡದೆ ಕೊನೆಯ ಇನಿಂಗ್ಸ್ ಮುಗಿಸಿದರೆ ಒಂದು ಸೇವ್. ಎಂಟನೇ ಇನಿಂಗ್ಸಿನಲ್ಲಿ ಎದುರಾಳಿಯ ಮೂವರು ದೈತ್ಯರನ್ನು ಕಟ್ಟಿಹಾಕಿದವನಿಗೆ ಅದು ಸಿಗುವುದಿಲ್ಲ. ನಮ್ಮ ಊಟದ ಪಂಕ್ತಿಯಂತೆಯೇ. ಬೆಳಗಿನ ಜಾವದಿಂದ ಒಲೆಯ ಮುಂದೆ ಬೆಂದವರು ಒಳಗೇ ಇರುತ್ತಾರೆ, ಕೊನೆಯಲ್ಲಿ ಮಜ್ಜಿಗೆ ಬಡಿಸಲು ಬಂದವನನ್ನು ಎಲ್ಲರೂ ಹೊಗಳುತ್ತಾರೆ. ಮಜ್ಜಿಗೆಯ ಪಾತ್ರೆಯನ್ನು ನಾಳೆ ಬೇರೆಯವನ ಕೈಗೆ ಕೊಟ್ಟರೆ ಹೊಗಳಿಕೆಯೂ ಅವನಿಗೇ.

ಬೆಳ್ಳಿ ಲೋಟದ ವಿಷಯ ಹೇಳಲೇಬೇಕು. ಬಾಸ್ಟನ್ ಭಾವ, ನೀವೂ ಕೇಳುತ್ತಿದ್ದೀರೆಂದು ಗೊತ್ತು, ಕೇಳಿ. ಗೆದ್ದವರ ಮನೆಯಲ್ಲಿ ಒಂದು ವರ್ಷ ಇರಲಿ ಎಂದು ಆ ಲೋಟವನ್ನು ಬೆಂಗಳೂರಿನಿಂದ ನನ್ನ ಕೈಯ ದುಡ್ಡಿನಲ್ಲಿ ತಂದವನು ನಾನು. 2012ರಲ್ಲಿ ಅದು ಅರ್ಧ ಅಂಕದಲ್ಲಿ ಬಾಸ್ಟನ್ನಿಗೆ ಹೋಯಿತು. ಹೋಗಲಿ. ಆದರೆ ಊರಿನಲ್ಲಿದ್ದೇನೆ, ಕರೆಂಟಿಲ್ಲ, ಒಂದು ದಿನ ಬದಲಿ ಆಟಗಾರರನ್ನು ತಡೆಹಿಡಿಯಿರಿ ಎಂದು ಪತ್ರ ಬರೆದರೆ ನೀವು ‘ನಿಯಮ ಎಲ್ಲರಿಗೂ ಒಂದೇ’ ಎಂದಿರಿ. ನಿಯಮ ಬರೆದವರೂ ನೀವೇ, ಲೀಗು ನಡೆಸುವವರೂ ನೀವೇ, ಸೊರಿಯಾನೊನನ್ನು ಹಿಡಿದವರೂ ನೀವೇ. ನನ್ನ ತಂಗಿ ಆ ವಾರ ಎರಡು ಸಲ ಫೋನು ಮಾಡಿದ್ದಳು. ಅಪ್ಪೆಮಿಡಿ ಉಪ್ಪಿನಕಾಯಿ ಎಷ್ಟು ಕೆಜಿ ತರುತ್ತೀ ಎಂದು ಕೇಳಲು ಎರಡು ಸಲ, ಅಣ್ಣಾ ನಿನ್ನ ಕ್ಲೋಸರ್ ಬಿದ್ದಿದ್ದಾನೆ ಎಂದು ಹೇಳಲು ಒಂದು ಸಲವೂ ಇಲ್ಲ. ನಾಲ್ಕು ಕೆಜಿ ಹೊತ್ತು ತಂದೆ. ಕಳೆದ ದೀಪಾವಳಿಗೆ ನಿಮ್ಮ ಮನೆಗೆ ಬಂದಾಗ ನೋಡಿದೆ, ಆ ಲೋಟದಲ್ಲಿ ಕಾರಿನ ಕೀಲಿ, ಎರಡು ಸಣ್ಣ ಬ್ಯಾಟರಿ, ಒಂದು ಗುಂಡಿ. ಬೆಳ್ಳಿಯೆಲ್ಲ ಕಪ್ಪಾಗಿತ್ತು. ವಿಭೂತಿ ಹಾಕಿ ಉಜ್ಜಿದರೆ ಹೋಗುತ್ತದೆ, ಉಜ್ಜಬೇಕಷ್ಟೆ.

ನಾನು ಏನು ಹೇಳುತ್ತಿದ್ದೆ? ಹಾಂ, ನಿನ್ನ ಹರಾಜು.

ಹತ್ತು ತಂಡ, ಹತ್ತು ಲೆಕ್ಕ. ಸೇವ್ ಅದರಲ್ಲಿ ಒಂದು. ಪೂರ್ತಿ ಕೈಬಿಟ್ಟು ಕೊನೆಯವನಾದರೆ ಹತ್ತರಲ್ಲಿ ಒಂದೇ ಅಂಕ ಸಿಗುತ್ತದೆ, ಅದೂ ಬೇಡ. ನಡುವಿನ ಬೆಲೆಯ ಇಬ್ಬರನ್ನು ಹಿಡಿ, ಒಬ್ಬೊಬ್ಬರಿಗೆ ಹತ್ತು, ಹೆಚ್ಚೆಂದರೆ ಹನ್ನೆರಡು. ಒಬ್ಬ ಬಿದ್ದರೂ ಇನ್ನೊಬ್ಬ ಇರುತ್ತಾನೆ. ಕೊಳ್ಳುವ ಮೊದಲು ಅವನ ತಂಡದಲ್ಲಿ ಒಂಬತ್ತನೇ ಇನಿಂಗ್ಸ್ ಅವನೊಬ್ಬನದೇ ಅಥವಾ ಮೂರು ಜನ ಹಂಚಿಕೊಳ್ಳುತ್ತಾರೆಯೇ ನೋಡು. ಇಆರ್‌ಎ ಚೆನ್ನಾಗಿದೆ ಎಂದು ಹೆಚ್ಚು ಕೊಡಬೇಡ. ಪಂದ್ಯ ಶುರುಮಾಡುವ ಪಿಚರ್, ಅಂದರೆ ಎಸೆಗಾರ, ವರ್ಷಕ್ಕೆ 170–180 ಇನಿಂಗ್ಸ್ ಎಸೆಯುವಲ್ಲಿ ಕ್ಲೋಸರ್ ಎಸೆಯುವುದು 60–65, ಅವನ ಇಆರ್‌ಎ ನಿನ್ನ ಒಟ್ಟು ಲೆಕ್ಕವನ್ನು ಅಲುಗಿಸುವುದು ಅಷ್ಟಕ್ಕಷ್ಟೇ. ಕೊನೆಗೆ ಉಳಿಯುವ ಒಂದೆರಡು ಡಾಲರಿಗೆ ಸೊರಿಯಾನೊನಂಥವನನ್ನು ಹುಡುಕು. ಎಂಟನೇ ಇನಿಂಗ್ಸ್ ಎಸೆಯುವವನು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರನನ್ನು ಔಟ್ ಮಾಡುವುದು) ಹೆಚ್ಚು, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರನಿಗೆ ಬಿಟ್ಟಿ ಬೇಸ್) ಕಡಿಮೆ, ಅವನ ಮುಂದಿರುವ ಕ್ಲೋಸರ್ ವಯಸ್ಸಾದವನೋ ಆಗಾಗ ಗಾಯವಾಗುವವನೋ ಆಗಿರಬೇಕು. ಅಂಥವನನ್ನು ಕೊಂಡು ಸುಮ್ಮನೆ ಕೂರಿಸು, ಏಪ್ರಿಲ್ ಮುಗಿಯುವವರೆಗೆ ಕೈಬಿಡಬೇಡ.

ಹರಾಜಿನಲ್ಲಿ ಮೊದಲು ಒಬ್ಬ ದೊಡ್ಡ ಕ್ಲೋಸರ್‌ನ ಹೆಸರನ್ನು ನೀನೇ ಎತ್ತು. ಬೇರೆಯವರು ದುಡ್ಡು ಸುರಿಯಲಿ. ಬಾಸ್ಟನ್ ಮಾವ 18ರವರೆಗೆ ತಪ್ಪದೆ ಬರುತ್ತಾರೆ, 19 ಎಂದರೆ ಎರಡು ಸಲ ಕೆಮ್ಮುತ್ತಾರೆ. ನೀನು 17ಕ್ಕೆ ಬಾಯಿ ಮುಚ್ಚಿಕೋ.