ಕರ್ನಲ್ (ಓಎಸ್‌ನ ತಿರುಳು) ಪ್ಯಾಚ್ ಬಂದ ತಕ್ಷಣ ಹಾಕ್ತೀರಾ, ಕಾಯ್ತೀರಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಲಿನಕ್ಸ್ ಡೇಟಾಬೇಸ್ ಸರ್ವರ್ ರೀಬೂಟ್ ಕಂಡು ವರ್ಷ ದಾಟಿದೆ. ಕರ್ನಲ್‌ನ ಪ್ಯಾಕೆಟ್ ಸೋಸೋ ಭಾಗ ನೆಟ್‌ಫಿಲ್ಟರ್‌ನ ಸಿವಿಇ-2024-1086 (ಸಿವಿಇ ಅಂದ್ರೆ ಭದ್ರತಾ ತೂತಿಗೆ ಕೊಡೋ ನಂಬರ್) ಮುಚ್ಚಿ ಅಂತ ಸೆಕ್ಯುರಿಟಿಯವರು ಪಟ್ಟು ಹಿಡಿದಿದ್ದಾರೆ. ಲೈವ್‌ಪ್ಯಾಚ್ (ಓಡ್ತಿರೋ ಕರ್ನಲ್‌ಗೇ ಹಾಕೋದು) ಸಾಕಾ, ರೀಬೂಟೇ ಬೇಕಾ?

ಹಳೇಅಡ್ಮಿನ್: ರೀಬೂಟ್. 2016ರಲ್ಲಿ ಡರ್ಟಿ ಕೌ ಬಂದಾಗ ಅದೇ ರಾತ್ರಿ ಎಲ್ಲಾ ಮಷೀನ್ ರೀಬೂಟ್ ಮಾಡಿಸಿದವನು ನಾನು. 2007ರಿಂದ ಕೂತಿದ್ದ ತೂತು ಅದು! ಒಂದು ಮಷೀನ್ ಮಾತ್ರ ಏಳಲಿಲ್ಲ. ನನಗಿಂತ ಮುಂಚೆ ಇದ್ದ ಪುಣ್ಯಾತ್ಮ ಹಳೇ ಕರ್ನಲ್‌ಗಳನ್ನ ತೆಗೆದೇ ಇರಲಿಲ್ಲ, ಬೂಟ್ ಪಾರ್ಟಿಷನ್ ತುಂಬಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಫೈಲ್) ಅರ್ಧಕ್ಕೇ ನಿಂತಿತ್ತು. ರಿಮೋಟ್ ಕನ್ಸೋಲ್ ಪಾಸ್‌ವರ್ಡ್ ಯಾರ ಹತ್ರಾನೂ ಇಲ್ಲ. ಕೀಬೋರ್ಡ್, ಮಾನಿಟರ್ ಹೊತ್ಕೊಂಡು ಹೋಗಿ ಗ್ರಬ್ ಬೂಟ್ ಮೆನುವಿನಲ್ಲಿ ಹಳೇ ಕರ್ನಲ್ ಎಂಟ್ರಿ ಹಿಡಿದು ಎಬ್ಬಿಸಿದ್ದು. ಇವತ್ತು ಕೇಳಿದರೂ ರೀಬೂಟೇ.

ಬೆಂಚ್‌ಮಾರ್ಕ್‌ಭಟ್ಟ: "ಅದೇ ರಾತ್ರಿ" ಅಂತೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಅನ್ನೋ ಪ್ರೊಸೆಸರ್ ತೂತಿನ ಪ್ಯಾಚನ್ನ ಮೇಲಿನವರು ಹೀಗೇ ಅವಸರ ಮಾಡಿ ಹಾಕಿಸಿದರು. ನಮ್ಮದು ಪಿಸಿಐಡಿ (ಮೆಮೊರಿ ವಿಳಾಸದ ಕ್ಯಾಶ್ ಖಾಲಿ ಆಗದ ಹಾಗೆ ನೋಡೋ ಸೌಲಭ್ಯ) ಇಲ್ಲದ ಹಳೇ ಪ್ರೊಸೆಸರ್. ಕರ್ನಲ್ ಪೇಜ್ ಟೇಬಲ್ (ಮೆಮೊರಿ ವಿಳಾಸದ ಪಟ್ಟಿ) ಬೇರೆ ಆದ ಮೇಲೆ ಪ್ರತಿ ಸಿಸ್ಟಂ ಕಾಲ್‌ಗೂ ಟಿಎಲ್‌ಬಿ, ಅಂದ್ರೆ ಆ ವಿಳಾಸದ ಕ್ಯಾಶ್, ಖಾಲಿ. ಆಫೀಸ್ ತೆರೆಯೋ ಮುಂಚೆ ಮುಗೀತಿದ್ದ ಬ್ಯಾಚ್ ಜಾಬ್ ಮಧ್ಯಾಹ್ನದವರೆಗೂ ತೆವಳ್ತಿತ್ತು. ಬೈಗುಳ ನನಗೆ. ಕೊನೆಗೆ ಆ ಪ್ಯಾಚನ್ನೇ ಆಫ್ ಮಾಡೋ ಬೂಟ್ ಆಯ್ಕೆ 'ನೋಪಿಟಿಐ' ಹಾಕಿದ ಮೇಲೆ ಉಸಿರಾಡಿದ್ದು. ಈಗ ಮೊದಲು ಟೆಸ್ಟ್. 1086ಕ್ಕೂ ಸಾಮಾನ್ಯ ಯೂಸರ್‌ಗೆ ಯೂಸರ್ ನೇಮ್‌ಸ್ಪೇಸ್ (ತನ್ನದೇ ಜಾಗದೊಳಗೆ ರೂಟ್ ಆಗೋ ಸೌಲಭ್ಯ) ಬಂದ್ ಮಾಡಿ ಕಾದೆ.

ಡೌನ್‌ಟೈಮ್‌ಬೇಡ: ಬಂದ್ ಮಾಡಿದ್ರೆ ರೂಟ್ ಅಧಿಕಾರ ಇಲ್ಲದೆ ಓಡೋ (ರೂಟ್‌ಲೆಸ್) ಕಂಟೇನರ್ ಯಾರು ಓಡಿಸ್ತಾರೆ ಸ್ವಾಮಿ, ನೀವಾ? ಫಿಕ್ಸ್ ಬಂದಿದ್ದು 2024ರ ಜನವರಿ, ಮಾರ್ಚ್‌ಗೆಲ್ಲಾ ಎಕ್ಸ್‌ಪ್ಲಾಯ್ಟ್ ಕೋಡ್ ಬೀದಿಗೆ ಬಿತ್ತು. ನಾವು ಲೈವ್‌ಪ್ಯಾಚ್‌ಗೆ ವರ್ಷವರ್ಷ ದುಡ್ಡು ಕಟ್ತೀವಿ, ಬೇಜಾರಿಲ್ಲ. ಒಂದ್ಸಲ ಮಾತ್ರ ಸತಾಯಿಸ್ತು. ಎನ್‌ಎಫ್‌ಎಸ್ (ನೆಟ್‌ವರ್ಕ್ ಡಿಸ್ಕ್) ಮೌಂಟ್ ಹ್ಯಾಂಗ್ ಆಗಿ ಒಂದು ಪ್ರೊಸೆಸ್ ಡಿ ಸ್ಟೇಟ್‌ನಲ್ಲಿ (ಎಬ್ಬಿಸೋಕಾಗದ ನಿದ್ದೆ), ಹಳೇ ಫಂಕ್ಷನ್ ಒಳಗೇ ಮಲಗಿತ್ತು. ಟ್ರಾನ್ಸಿಷನ್ ಫೈಲ್ ನೋಡಿದರೆ 1, ಅಂದ್ರೆ ಪ್ಯಾಚ್ ಇನ್ನೂ ಪೂರ್ತಿ ಕೂತಿಲ್ಲ. ಟೀ ಕುಡಿದು ಬಂದು ನೋಡಿದರೂ 1. ಕಿಲ್‌ಗೂ ಬಗ್ಗಲ್ಲ.

ಹಳೇಅಡ್ಮಿನ್: ಕೊನೆಗೆ ಏನು ಮಾಡಿದ್ರಿ? ರೀಬೂಟ್ ತಾನೇ?

ಡೌನ್‌ಟೈಮ್‌ಬೇಡ: ಹೌದು, ಆದರೆ ನಾವು ಆರಿಸಿದ ಭಾನುವಾರ. ಕೀಬೋರ್ಡ್ ಹೊತ್ಕೊಂಡು ಅಲ್ಲ. ಮತ್ತೆ ಭಟ್ಟರೇ, 'ನೋಪಿಟಿಐ' ಇನ್ನೂ ಹಾಗೇ ಇದೆಯಾ?

ಬೆಂಚ್‌ಮಾರ್ಕ್‌ಭಟ್ಟ: ಇದೆ. ಆ ಮಷೀನ್‌ನಲ್ಲಿ ಹೊರಗಿನವರ ಕೋಡ್ ಓಡಲ್ಲ. ಅರ್ಥ ಆಗದಿದ್ರೆ ಸುಮ್ನಿರಿ.

ಡೌನ್‌ಟೈಮ್‌ಬೇಡ: ಆಡಿಟ್‌ನವರ ಮುಂದೆ ಹೀಗೇ ಹೇಳಿ ನೋಡೋಣ.

ಬೆಂಚ್‌ಮಾರ್ಕ್‌ಭಟ್ಟ: ಆಡಿಟ್‌ನವರ ಸ್ಕ್ಯಾನರ್ ವರ್ಷನ್ ನಂಬರ್ ನೋಡಿ ಕೆಂಪು ಬಳಿಯುತ್ತೆ. ಡಿಸ್ಟ್ರೋದವರು ಹಳೇ ವರ್ಷನ್‌ಗೇ ಫಿಕ್ಸ್ ಸೇರಿಸಿ ಬ್ಯಾಕ್‌ಪೋರ್ಟ್ ಮಾಡಿರೋದು ಅದಕ್ಕೆಲ್ಲಿ ಗೊತ್ತು? 2024ರಲ್ಲಿ ಕರ್ನಲ್‌ನವರೇ ಸಿವಿಇ ಕೊಡೋಕೆ ಶುರು ಮಾಡಿದ ಮೇಲಂತೂ ಸಣ್ಣಪುಟ್ಟ ಬಗ್‌ಗೂ ಒಂದು ನಂಬರ್.

ಹಳೇಅಡ್ಮಿನ್: ಸಣ್ಣದು ಅಂತ ನಿರ್ಧಾರ ಮಾಡೋಕೆ ನೀವ್ಯಾರು?

ಪ್ರಶ್ನೆ ಕೇಳಿದವರು: ಸರ್, ನಮ್ಮಲ್ಲಿ ಕಂಟೇನರ್ ಇಲ್ಲ. ಆದರೆ ಸ್ಟೋರೇಜ್ ಡ್ರೈವರ್ ಕರ್ನಲ್ ಜೊತೆ ಬಂದಿದ್ದಲ್ಲ, ಹೊರಗಿಂದ ಹಾಕಿದ್ದು. ಅದು...?

ಹಳೇಅಡ್ಮಿನ್: ಡಿಕೆಎಂಎಸ್ಸಾ, ಪ್ರತಿ ಹೊಸ ಕರ್ನಲ್‌ಗೂ ಡ್ರೈವರ್ ಮತ್ತೆ ಕಟ್ಟೋದು? ಅಯ್ಯೋ, ಅದರ ಕಥೆ ಕೇಳಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕೋಡ್ ಬಿಡದ ಕಾವಲು) ಆನ್ ಇತ್ತು, ಮಾಡ್ಯೂಲ್‌ಗೆ ಸಹಿ ಇರಲಿಲ್ಲ...

ಬೆಂಚ್‌ಮಾರ್ಕ್‌ಭಟ್ಟ: ಇವರ ಕಥೆ ಮುಗಿಯೋದ್ರೊಳಗೆ ಇನ್ನೊಂದು ಸಿವಿಇ ಬಂದಿರುತ್ತೆ.