ಪದಚರ್ಚೆ: ಅಕೌಂಟೆಂಟ್ ಅಂದರೆ ಲೆಕ್ಕಿಗರೋ, ಲೆಕ್ಕಪರಿಶೋಧಕರೋ?

ಗೆಳೆಯರೇ, ನಮಸ್ಕಾರ.

ಕಾಮರ್ಸ್ ಓದುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅಕೌಂಟೆಂಟ್ ವೃತ್ತಿ ಈಗ ಹೇಗೆ ಬದಲಾಗಿದೆ, ಆ ಓದನ್ನು ಹಿಡಿದು ಬೇರೆ ದೇಶಗಳಲ್ಲಿ ಕೆಲಸ ಮಾಡಬೇಕಾದರೆ ಏನೇನು ಬೇಕು ಅನ್ನುವುದು ವಿಷಯ. ಕೆಲವು ಪದಗಳ ಹತ್ತಿರ ಬಂದು ನಿಂತಿದ್ದೇನೆ. ನನಗೆ ಹೊಳೆದದ್ದನ್ನು ಕಾರಣದ ಜೊತೆ ಬರೆಯುತ್ತೇನೆ. ಒಪ್ಪದಿದ್ದರೆ ಧಾರಾಳವಾಗಿ ವಾದ ಮಾಡಿ.

ಮೊದಲು ಎಲ್ಲಕ್ಕಿಂತ ಮುಖ್ಯವಾದದ್ದು. 'ಪ್ರೊಫೆಷನಲ್ ಅಕೌಂಟೆಂಟ್' ಅನ್ನುವುದಕ್ಕೆ ಏನು ಬರೆಯೋಣ?

ಪತ್ರಿಕೆಗಳಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಅಂದ ಕೂಡಲೇ 'ಲೆಕ್ಕಪರಿಶೋಧಕ' ಎಂದು ಬರೆದುಬಿಡುತ್ತಾರೆ. ಮಾತಿನಲ್ಲಿ 'ಆಡಿಟರ್'. 'ನಮ್ಮ ಆಡಿಟರ್‌ನ ಕೇಳಿ ಹೇಳ್ತೀನಿ' ಅಂದರೆ ಎಷ್ಟೋ ಸಲ ತೆರಿಗೆ ರಿಟರ್ನ್ ಸಲ್ಲಿಸಿಕೊಡುವವರನ್ನು ಕೇಳುತ್ತೇನೆ ಅಂತಲೇ ಅರ್ಥ. ಅಲ್ಲಿ ಆಡಿಟ್ ನಡೆದೇ ಇರುವುದಿಲ್ಲ. ಮಾತಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಕೈಪಿಡಿಯಲ್ಲಿ ಮಾತ್ರ ಇದು ದೊಡ್ಡ ಗೊಂದಲ.

ಯಾಕೆ ಅಂತ ಹೇಳುತ್ತೇನೆ. ಒಂದು ಕಂಪನಿಯ ಹಣಕಾಸು ಮುಖ್ಯಸ್ಥೆ ಚಾರ್ಟರ್ಡ್ ಅಕೌಂಟೆಂಟ್ ಅಂತಿಟ್ಟುಕೊಳ್ಳಿ. ಆ ಕಂಪನಿಯ ಲೆಕ್ಕ ಸಿದ್ಧವಾಗುವುದು ಅವರ ಉಸ್ತುವಾರಿಯಲ್ಲಿ. ವರ್ಷದ ಕೊನೆಗೆ ಹೊರಗಿನ ಸಂಸ್ಥೆಯೊಂದರಿಂದ ಇನ್ನೊಬ್ಬ ಚಾರ್ಟರ್ಡ್ ಅಕೌಂಟೆಂಟ್ ಬಂದು ಅದನ್ನು ಪರಿಶೀಲಿಸುತ್ತಾರೆ. ಇಬ್ಬರನ್ನೂ 'ಲೆಕ್ಕಪರಿಶೋಧಕರು' ಎಂದರೆ ಬರೆದವರೂ ಅವರೇ, ತಪಾಸಣೆ ಮಾಡಿದವರೂ ಅವರೇ ಅಂತ ಓದುಗರಿಗೆ ಅನ್ನಿಸುತ್ತದೆ. ಹಾಗೆ ಆಗಬಾರದು ಅನ್ನುವುದೇ ಈ ವೃತ್ತಿಯ ಬುನಾದಿ. 2001ರಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್ ಲೆಕ್ಕದ ವಂಚನೆ ಬಯಲಾಗಿ ಕುಸಿಯಿತು. ಅದರ ಹಿಂದೆಯೇ ಅಲ್ಲಿನದೇ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್ ಹಗರಣ ಹೊರಬಂತು. 2002ರಲ್ಲಿ ಅಮೆರಿಕ ಸಾರ್ಬೇನ್ಸ್ ಆಕ್ಸ್‌ಲಿ ಕಾಯಿದೆ ತಂದಿತು. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಯ ಆಡಿಟ್ ಮಾಡುವವರು ಅದೇ ಕಂಪನಿಯ ಲೆಕ್ಕ ಬರೆಯುವ ಕೆಲಸ ಹಿಡಿಯಬಾರದು ಎಂದು ಆ ಕಾಯಿದೆ ಹೇಳುತ್ತದೆ. ಅಷ್ಟು ಪಾಡುಪಟ್ಟು ಬೇರ್ಪಡಿಸಿದ್ದನ್ನು ನಾವು ಒಂದೇ ಪದದಲ್ಲಿ ಕಲಸಿಬಿಡುತ್ತಿದ್ದೇವೆ ಅಲ್ವಾ?

ಅಕೌಂಟೆಂಟರ ಸಂಘಗಳಿಗೆ ಜಗತ್ತಿನ ಮಟ್ಟದಲ್ಲಿ ಒಂದು ಒಕ್ಕೂಟ ಇದೆ. 1977ರಲ್ಲಿ ಶುರುವಾದ ಐಫ್ಯಾಕ್. ಈ ವೃತ್ತಿಯ ಅಂತರರಾಷ್ಟ್ರೀಯ ನೀತಿಸಂಹಿತೆಯ ಪ್ರಕಾರ, ಐಫ್ಯಾಕ್‌ನ ಸದಸ್ಯ ಸಂಘ ಯಾವುದಾದರೂ ಒಂದರಲ್ಲಿ ಸದಸ್ಯರಾಗಿರುವವರು ಪ್ರೊಫೆಷನಲ್ ಅಕೌಂಟೆಂಟ್. ಅದು ಅವರನ್ನು ಎರಡು ಗುಂಪು ಮಾಡುತ್ತದೆ. ಕಂಪನಿ, ಸರ್ಕಾರ, ಶಾಲೆ ಕಾಲೇಜು ಇಂಥ ಕಡೆ ಒಳಗಿದ್ದು ಕೆಲಸ ಮಾಡುವವರು ಒಂದು ಗುಂಪು. ಕಕ್ಷಿದಾರರಿಗೆ ಆಡಿಟ್, ತೆರಿಗೆ, ಸಲಹೆಯಂಥ ಸೇವೆ ಕೊಡುವ ಸಂಸ್ಥೆಗಳಲ್ಲಿ ಇರುವವರು ಇನ್ನೊಂದು. ಆಡಿಟರ್ ಈ ಎರಡನೆಯ ಗುಂಪಿನ ಒಂದು ಭಾಗ ಮಾತ್ರ.

ಹಾಗಾಗಿ ನನ್ನ ಸಲಹೆ ಇದು. ಇಡೀ ವೃತ್ತಿಗೆ 'ಲೆಕ್ಕಿಗ'. ತಪಾಸಣೆ ಮಾಡುವವರಿಗೆ ಮಾತ್ರ 'ಲೆಕ್ಕಪರಿಶೋಧಕ'.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಲೆಕ್ಕಿಗ ಅಂದರೆ ಕಿವಿಗೆ ಮೊದಲು ಬೀಳುವುದು ಗ್ರಾಮಲೆಕ್ಕಿಗ. ಅದು ಕಂದಾಯ ಇಲಾಖೆಯ ಹುದ್ದೆ (ಈಗ ಅದರ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ), ಅಲ್ಲಿ ಕೆಲಸ ಜಾಸ್ತಿ ಜಮೀನಿನ ದಾಖಲೆಯದ್ದು. ಇನ್ನು ಕೆಲವರಿಗೆ ಲೆಕ್ಕಿಗ ಅಂದರೆ ಸುಮ್ನೆ ಅಂಕಿ ಕೂಡಿಸುವ ಗುಮಾಸ್ತರ ನೆನಪು. ಈಗ ಕೂಡಿಸುವ ಕೆಲಸ ಯಂತ್ರದ್ದು. 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಬಂದಾಗಲೇ ದಿನಗಟ್ಟಲೆ ಕೂತು ಮಾಡುತ್ತಿದ್ದ ಕೋಷ್ಟಕಗಳು ಕ್ಷಣದಲ್ಲಿ ಆಗತೊಡಗಿದವು. ಈಗಿನ ತಂತ್ರಾಂಶಗಳು ಬಿಲ್ಲನ್ನು ತಾವೇ ಓದಿ ತಾವೇ ನಮೂದಿಸುತ್ತವೆ. ಹಿಂದೆ ಕೆಲವು ವಹಿವಾಟುಗಳನ್ನು ಮಾದರಿಗೆ ಆರಿಸಿ ನೋಡುತ್ತಿದ್ದ ಕಡೆ ಈಗ ಎಷ್ಟೋ ಸಲ ಇಡೀ ವರ್ಷದ ವಹಿವಾಟನ್ನೇ ಜರಡಿ ಹಿಡಿಯಬಹುದು. ಹೀಗಿರುವಾಗ ಅಕೌಂಟೆಂಟರಿಗೆ ಉಳಿದಿರುವುದು ತೀರ್ಮಾನದ ಕೆಲಸ. ಈ ಆಸ್ತಿಯ ಬೆಲೆ ಇಷ್ಟೇ ಇದೆಯಾ? ಈ ಸಾಲ ವಾಪಸ್ ಬರುತ್ತಾ? ಈ ಆದಾಯವನ್ನು ಈ ವರ್ಷ ತೋರಿಸಬೇಕಾ, ಮುಂದಿನ ವರ್ಷವಾ? ಇಂಥ ಕೆಲಸಕ್ಕೆ 'ಲೆಕ್ಕಿಗ' ಸಣ್ಣದಾಯಿತು, 'ಹಣಕಾಸು ತಜ್ಞ' ಅನ್ನಿ ಅನ್ನುವವರಿದ್ದಾರೆ.

ನನಗೆ ಹಾಗನ್ನಿಸುವುದಿಲ್ಲ. ಕನ್ನಡದ 'ಲೆಕ್ಕ' ಬರೀ ಎಣಿಕೆ ಅಲ್ಲ. 'ನನ್ನ ಲೆಕ್ಕದಲ್ಲಿ ಅವಳು ಮಾಡಿದ್ದೇ ಸರಿ' ಅನ್ನುವಾಗ ಲೆಕ್ಕ ಅಂದರೆ ಅಭಿಪ್ರಾಯ, ತೀರ್ಮಾನ. 'ಯಾರನ್ನೂ ಲೆಕ್ಕಿಸದೆ' ಅನ್ನುವಾಗ ಅದು ಬೆಲೆ ಕೊಡುವುದು. 'ಅವನ ಲೆಕ್ಕಾಚಾರವೇ ಬೇರೆ' ಅಂದರೆ ಮುಂದಿನದನ್ನು ಯೋಚಿಸಿ ಹೆಜ್ಜೆ ಇಡುವುದು. 'ಲೆಕ್ಕ ಒಪ್ಪಿಸು' ಅನ್ನುವುದಂತೂ ಅತಿ ದೊಡ್ಡ ಮಾತು. ಅದರಲ್ಲಿ ಅಂಕಿ ಇದೆ, ಜೊತೆಗೆ ಹೊಣೆಯೂ ಇದೆ. ಇನ್ನೊಬ್ಬರ ಹಣ ನನ್ನ ಕೈಯಲ್ಲಿತ್ತು, ಅದನ್ನು ಏನು ಮಾಡಿದೆ ಅಂತ ಅವರೆದುರು ನಿಂತು ಹೇಳುವುದು. ಷೇರುದಾರರಿಗೆ ಕಂಪನಿ ಕೊಡುವ ವಾರ್ಷಿಕ ವರದಿ ಇದೇ ತಾನೆ? ಇಷ್ಟೆಲ್ಲ ತುಂಬಿಕೊಂಡಿರುವ ಪದವನ್ನು ಬಿಟ್ಟು 'ತಜ್ಞ' ಅಂತ ಇನ್ನೊಂದನ್ನು ಕಟ್ಟುವುದು ನನಗೆ ನಷ್ಟವಾಗಿ ಕಾಣುತ್ತದೆ.

ಇಲ್ಲೊಂದು ಚೆಂದದ ಸಂಗತಿ. 'ಲೆಕ್ಕ'ಕ್ಕೆ ಸಂಸ್ಕೃತದ ಲೇಖ್ಯದ ನಂಟು, ಅಂದರೆ ಬರೆದದ್ದು. 'ಆಡಿಟ್' ಬಂದಿರುವುದು ಕೇಳು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ತಪಾಸಣೆ ಮಾಡುವವರು ಕೂತು ಕೇಳುತ್ತಿದ್ದರು. ಲೆಕ್ಕಿಗರು ಬರೆಯುವವರು, ಆಡಿಟರ್ ಕೇಳುವವರು. ಎರಡೂ ಬೇರೆ ಬೇರೆ ಅನ್ನುವುದು ಪದಗಳ ಬೇರಿನಲ್ಲೇ ಇದೆ.

ಇನ್ನು 'ಪ್ರೊಫೆಷನಲ್' ಅನ್ನುವುದಕ್ಕೆ 'ವೃತ್ತಿಪರ', 'ವೃತ್ತಿನಿರತ' ಎರಡೂ ಓಡಾಡುತ್ತಿವೆ. ವೃತ್ತಿನಿರತ ಅಂದರೆ ಸದ್ಯ ಆ ಕೆಲಸದಲ್ಲಿ ತೊಡಗಿರುವವರು, 'ವೃತ್ತಿನಿರತ ವಕೀಲ' ಅಂದ ಹಾಗೆ. ಇಲ್ಲಿ ಬೇಕಿರುವುದು ಅದಲ್ಲ. ಸಂಘದ ಸದಸ್ಯತ್ವ, ಪರೀಕ್ಷೆ, ನೀತಿಸಂಹಿತೆ ಇವಕ್ಕೆ ಒಳಪಟ್ಟವರು ಅನ್ನುವುದು ಬೇಕು. 'ವೃತ್ತಿಪರ ಲೆಕ್ಕಿಗ' ವಾಸಿ ಅನ್ನಿಸುತ್ತದೆ.

ಪದವಿಯ ಹೆಸರುಗಳ ವಿಷಯದಲ್ಲಿ ನನ್ನದು ಗಟ್ಟಿ ನಿಲುವು. ಅವನ್ನು ಅನುವಾದ ಮಾಡುವುದು ಬೇಡ. ಚಾರ್ಟರ್ಡ್ ಅನ್ನುವುದಕ್ಕೆ 'ಸನದು' ಬಳಸುತ್ತಾರೆ, ಅಂದರೆ ಅರಸರು ಕೊಡುವ ಅಧಿಕಾರಪತ್ರ. 1854ರಲ್ಲಿ ಎಡಿನ್‌ಬರದ ಅಕೌಂಟೆಂಟರ ಸಂಘಕ್ಕೆ ಬ್ರಿಟನ್ ರಾಣಿಯ ಸನದು ಸಿಕ್ಕಿತು, ಹೆಸರಿನ ಮೂಲ ಅಲ್ಲಿದೆ. ಆದರೆ ಭಾರತದ ಸಿಎ ಸಂಸ್ಥೆ ನಡೆಯುತ್ತಿರುವುದು ಸನದಿನ ಮೇಲಲ್ಲ, 1949ರ ಕಾಯಿದೆಯ ಮೇಲೆ. ಅಮೆರಿಕದ ಸಿಪಿಎಗೆ (ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್) ಮೊದಲ ಕಾನೂನು ಬಂದದ್ದು 1896ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಅದರಲ್ಲಿರುವ 'ಪಬ್ಲಿಕ್' ಪದವನ್ನು 'ಸಾರ್ವಜನಿಕ ಲೆಕ್ಕಿಗ' ಎಂದರೆ ಸರ್ಕಾರಿ ನೌಕರರಂತೆ ಕೇಳುತ್ತದೆ. ಅರ್ಥ ಅದಲ್ಲ. ಒಬ್ಬ ಧಣಿಗೆ ಕಟ್ಟುಬೀಳದೆ ಹಲವರಿಗೆ ಸೇವೆ ಕೊಡುವವರು ಅಂತ. ಸಿಎ, ಸಿಪಿಎ, ಬ್ರಿಟನ್ನಿನ ಸಂಘ ಕೊಡುವ ಎಸಿಸಿಎ ಹಾಗೇ ಇರಲಿ. ಬೇರೆ ದೇಶದಲ್ಲಿ ಕೆಲಸ ಹುಡುಕುವವರಿಗೆ ಬೇಕಾಗುವುದು ಆ ಅಕ್ಷರಗಳೇ.

'ಇಂಟರ್‌ನ್ಯಾಷನಲ್ ಕರಿಯರ್' ಅನ್ನುವುದೂ ತೊಡಕಿನದ್ದು. 'ಅಂತರರಾಷ್ಟ್ರೀಯ ವೃತ್ತಿಜೀವನ' ಅಂತ ಬರೆದರೆ ವಿಮಾನ ಹತ್ತಿ ಹೋಗುವುದು ಅಂತಲೇ ಅರ್ಥ ಹೋಗುತ್ತದೆ. ಇವತ್ತು ಎಷ್ಟೋ ಲೆಕ್ಕಿಗರು ತಮ್ಮ ದೇಶದಲ್ಲೇ ಕೂತು ಇನ್ನೊಂದು ದೇಶದ ಕಂಪನಿಯ ಲೆಕ್ಕ ಮುಗಿಸುತ್ತಾರೆ. ಅದೂ ಇದರಲ್ಲಿ ಸೇರಬೇಕು. ನನಗೆ ಇಷ್ಟವಾಗಿರುವುದು 'ಸಲ್ಲು' ಅನ್ನುವ ಕ್ರಿಯಾಪದ. ನಾಣ್ಯ ಸಲ್ಲುತ್ತದೆ ಅನ್ನುತ್ತೇವಲ್ಲ, ಹಾಗೆ 'ಹಲವು ದೇಶಗಳಲ್ಲಿ ಸಲ್ಲುವ ವೃತ್ತಿ'. ಇದರಿಂದ ಮುಂದಿನ ವಿವರಣೆಯೂ ಸುಲಭವಾಗುತ್ತದೆ. ಕಲಿತದ್ದರಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ?

ಐಎಫ್‌ಆರ್‌ಎಸ್ ಎಂಬ ಲೆಕ್ಕಪತ್ರದ ಅಂತರರಾಷ್ಟ್ರೀಯ ನಿಯಮಗಳನ್ನು 140ಕ್ಕೂ ಹೆಚ್ಚು ದೇಶ, ಪ್ರದೇಶಗಳು ಕಡ್ಡಾಯ ಮಾಡಿವೆ. ಅದನ್ನು ಚೆನ್ನಾಗಿ ಕಲಿತವರ ಓದು ಬಹಳ ಕಡೆ ಸಲ್ಲುತ್ತದೆ. ಅಮೆರಿಕದ ಕಂಪನಿಗಳಿಗೆ ಅಲ್ಲಿನದೇ ನಿಯಮಾವಳಿ ಇದೆ, ಅದನ್ನು ಬೇರೆಯಾಗಿ ಕಲಿಯಬೇಕು. ಭಾರತದ ಲೆಕ್ಕಪತ್ರ ನಿಯಮಗಳಾದ ಇಂಡ್ ಎಎಸ್ ಐಎಫ್‌ಆರ್‌ಎಸ್ ಮೇಲೆ ಕಟ್ಟಿದ್ದು, ಆದರೆ ಕೆಲವು ಬದಲಾವಣೆಗಳಿವೆ. ತೆರಿಗೆ ಕಾನೂನು, ಕಂಪನಿ ಕಾನೂನು ಗಡಿ ದಾಟುವುದಿಲ್ಲ. ಆಡಿಟ್ ವರದಿಗೆ ಸಹಿ ಹಾಕುವ ಹಕ್ಕಂತೂ ಆಯಾ ದೇಶದ ಪರವಾನಗಿ ಇಲ್ಲದೆ ಸಿಗುವುದಿಲ್ಲ. ಕೆಲವು ಸಂಘಗಳ ನಡುವೆ ಒಪ್ಪಂದ ಇದ್ದರೆ ಪರೀಕ್ಷೆಗಳಲ್ಲಿ ವಿನಾಯಿತಿ ಸಿಗುತ್ತದೆ, ಆಗಲೂ ಸಾಮಾನ್ಯವಾಗಿ ಅಲ್ಲಿನ ಕಾನೂನು, ತೆರಿಗೆ ಓದಲೇಬೇಕು. 'ಮಾನ್ಯತೆ' ಅನ್ನುವ ಪದಕ್ಕಿಂತ 'ಸಲ್ಲುವಿಕೆ' ಇಲ್ಲಿ ನೇರವಾಗಿದೆ ಅನ್ನಿಸುತ್ತದೆ. ನಿಮಗೆ?

ಮುಂದಿನದು 'ಇಂಡಿಪೆಂಡೆನ್ಸ್'. ಆಡಿಟರಿಗೆ ಇದೇ ಉಸಿರು. 'ಸ್ವಾತಂತ್ರ್ಯ' ಎಂದರೆ ಇಷ್ಟ ಬಂದಂತೆ ಮಾಡುವ ಬಿಡುವು ಅನ್ನಿಸುತ್ತದೆ, ಚಳವಳಿಯ ನೆನಪೂ ಬರುತ್ತದೆ. ಇಲ್ಲಿ ಬೇಕಾದ ಅರ್ಥಕ್ಕೆ ಕನ್ನಡದಲ್ಲಿ ಅಪ್ಪಟ ಪದ ಇದೆ, 'ಹಂಗು'. ಯಾರ ಹಂಗೂ ಇಲ್ಲದಿರುವುದು. ತಾನು ತಪಾಸಣೆ ಮಾಡುವ ಕಂಪನಿಯ ಷೇರು ಆಡಿಟರ ಹತ್ತಿರ ಇದ್ದರೆ ಅದು ಹಂಗು. ಸಾಲ ಇದ್ದರೆ, ಹತ್ತಿರದ ನೆಂಟರು ಅಲ್ಲಿ ದೊಡ್ಡ ಹುದ್ದೆಯಲ್ಲಿದ್ದರೆ, ದುಬಾರಿ ಉಡುಗೊರೆ ತಗೊಂಡರೆ ಅದೂ ಒಂದು ಹಂಗು. ನೀತಿಸಂಹಿತೆ ಎರಡು ಬಗೆಯನ್ನು ಹೇಳುತ್ತದೆ. ಮನಸ್ಸಿನಲ್ಲಿ ಹಂಗಿಲ್ಲದಿರುವುದು ಒಂದು. ನೋಡುವವರಿಗೂ ಹಂಗಿಲ್ಲ ಎಂದು ಕಾಣುವುದು ಇನ್ನೊಂದು. 'ಮನಸ್ಸಿನ ಸ್ವಾತಂತ್ರ್ಯ ಮತ್ತು ತೋರಿಕೆಯ ಸ್ವಾತಂತ್ರ್ಯ' ಅಂತ ಬರೆದರೆ ಎರಡನೆಯದು ಬೂಟಾಟಿಕೆಯಂತೆ ಕೇಳುತ್ತದೆ! 'ಹಂಗಿಲ್ಲದ ಮನಸ್ಸು, ಹಂಗಿಲ್ಲದ ನಡೆ' ಅಂದರೆ ಹೇಗೆ?

'ಸ್ಕೆಪ್ಟಿಸಿಸಂ' ಬಗ್ಗೆ ಚಿಕ್ಕದಾಗಿ. ಸಂಶಯ, ಅನುಮಾನ, ಗುಮಾನಿ ಮೂರೂ ಎದುರಿನವರು ಕಳ್ಳರು ಅಂತ ಮೊದಲೇ ತೀರ್ಮಾನಿಸಿದಂತೆ ಕೇಳುತ್ತವೆ. ಆಡಿಟರ್ ಹಾಗೆ ಅಂದುಕೊಳ್ಳಬಾರದು, ಪ್ರಾಮಾಣಿಕರು ಅಂತ ಸುಮ್ನೆ ನಂಬಿಬಿಡಲೂಬಾರದು. ಸಿಕ್ಕ ಪುರಾವೆಯನ್ನು ಪರೀಕ್ಷಿಸಿ ನೋಡಬೇಕು. 'ಒರೆಹಚ್ಚಿ ನೋಡುವ ಬುದ್ಧಿ' ಅಂತ ಬರೆದುಕೊಂಡಿದ್ದೇನೆ.

'ಬಿಸಿನೆಸ್ ಪಾರ್ಟ್‌ನರ್' ಅನ್ನುವ ಹೊಸ ಹುದ್ದೆಯ ಹೆಸರೂ ಬರುತ್ತಿದೆ. ಕಂಪನಿಯ ಒಳಗಿದ್ದು, ಮಾರಾಟ, ತಯಾರಿಕೆ ವಿಭಾಗದವರ ಜೊತೆ ಕೂತು, ಯಾವ ದಾರಿ ಲಾಭದ್ದು ಎಂದು ತೋರಿಸುವ ಲೆಕ್ಕಿಗರು ಇವರು. 'ಪಾಲುದಾರ' ಎಂದರೆ ಲಾಭದಲ್ಲಿ ಪಾಲು ಇದೆ ಎಂದಾಗುತ್ತದೆ. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಪದ ಇಲ್ಲ.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು: 'ಅಶ್ಯೂರೆನ್ಸ್'. ಕೊಟ್ಟ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತಪಾಸಣೆ ಮಾಡಿದವರು ಹೇಳುವ ಮಾತು ಅದು. ಕೆಲವರು 'ಖಾತರಿ' ಬರೆಯುತ್ತಾರೆ. ಇದು ತಪ್ಪು ಮಾತ್ರವಲ್ಲ, ಓದುಗರಿಗೆ ಅಪಾಯ. ಆಡಿಟ್ ವರದಿ ಖಾತರಿ ಕೊಡುವುದಿಲ್ಲ. ಲೆಕ್ಕದಲ್ಲಿ ದೊಡ್ಡ ತಪ್ಪು ಇಲ್ಲ ಅನ್ನುವುದಕ್ಕೆ ಅದು ಕೊಡುವುದು 'ರೀಸನಬಲ್ ಅಶ್ಯೂರೆನ್ಸ್'. ಅದು ಎತ್ತರದ ಮಟ್ಟದ್ದೇ, ಆದರೆ ಪೂರ್ತಿ ಅಲ್ಲ. ಅದಕ್ಕಿಂತ ಕೆಳಗೆ 'ಲಿಮಿಟೆಡ್ ಅಶ್ಯೂರೆನ್ಸ್' ಇದೆ. ಅಲ್ಲಿ ತಪಾಸಣೆ ಕಡಿಮೆ, 'ತಪ್ಪು ಇದೆ ಅನ್ನಿಸುವಂಥದ್ದೇನೂ ನಮ್ಮ ಗಮನಕ್ಕೆ ಬಂದಿಲ್ಲ' ಅನ್ನುವ ಬಗೆಯ ಮಾತು. ಒಂದು ಕಂಪನಿ ಮುಳುಗಿದಾಗ 'ಆಡಿಟರ್ ಖಾತರಿ ಕೊಟ್ಟಿದ್ದರಲ್ಲ' ಅಂತ ಜನ ಕೇಳುತ್ತಾರೆ. ಆ ತಪ್ಪು ತಿಳಿವಳಿಕೆಗೆ ನಮ್ಮ ಪದವೇ ಕಾರಣ ಆಗಬಾರದು.

ಈ ಪದ ಬರೀ ಹಣದ ಲೆಕ್ಕಕ್ಕೂ ನಿಂತಿಲ್ಲ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದ ಹೊತ್ತಿಗೆ ಐಎಸ್‌ಎಸ್‌ಬಿ ಎಂಬ ಮಂಡಳಿಯನ್ನು ಘೋಷಿಸಿದರು. ಪರಿಸರ, ಹವಾಮಾನ ಇವುಗಳಿಂದ ಕಂಪನಿಗೆ ಬರುವ ಅಪಾಯ ಮತ್ತು ಅವಕಾಶಗಳನ್ನು ಹೇಗೆ ತಿಳಿಸಬೇಕು ಎಂದು 2023ರ ಜೂನ್‌ನಲ್ಲಿ ಅದು ಮೊದಲ ಎರಡು ಮಾನದಂಡಗಳನ್ನು ಹೊರಡಿಸಿತು. ಎಷ್ಟು ಟನ್ ಇಂಗಾಲ ಬಿಟ್ಟೆವು ಅನ್ನುವುದಕ್ಕೂ ಈಗ ಲೆಕ್ಕಿಗರು ಅಶ್ಯೂರೆನ್ಸ್ ಕೊಡುತ್ತಾರೆ. ಅಂದರೆ ಮುಂದಿನ ಪೀಳಿಗೆಯ ಲೆಕ್ಕಿಗರಿಗೆ ಇದು ದಿನದ ಪದ.

'ಭರವಸೆ' ಒಂದು ದಾರಿ. ಆದರೆ ಅದರಲ್ಲಿ ಮುಂದೆ ಒಳ್ಳೆಯದಾಗುತ್ತದೆ ಅನ್ನುವ ಆಸೆ ಬೆರೆತಿದೆ, ಮಾತು ಕೊಡುವುದೂ ಬೆರೆತಿದೆ. 'ದೃಢೀಕರಣ' ಅಂದರೆ ಸರ್ಟಿಫಿಕೇಟ್ ಅನ್ನಿಸುತ್ತದೆ. ಸದ್ಯಕ್ಕೆ ನಾನು 'ನೆಚ್ಚಿಕೆ' ಎಂದು ಬರೆದು ನೋಡುತ್ತಿದ್ದೇನೆ, ನೆಚ್ಚು ಅನ್ನುವುದರಿಂದ. 'ತಕ್ಕಷ್ಟು ನೆಚ್ಚಿಕೆ', 'ಮಿತ ನೆಚ್ಚಿಕೆ'. ಎಷ್ಟರ ಮಟ್ಟಿಗೆ ನೆಚ್ಚಬಹುದು ಅನ್ನುವ ಅಳತೆ ಇದರಲ್ಲಿ ಬರುತ್ತದೆ. ಆದರೆ ಕಾಮರ್ಸ್ ಓದುವವರಿಗೆ ಇದು ತೀರಾ ಹೊಸದಾಗಿ, ಕವಿತೆಯ ಪದದಂತೆ ಕೇಳಬಹುದು ಅನ್ನುವ ಅಳುಕಿದೆ. ಲೆಕ್ಕದ ಕೆಲಸದಲ್ಲಿ ಇರುವವರು, ಈ ವಿಷಯವನ್ನು ಕನ್ನಡದಲ್ಲಿ ಪಾಠ ಮಾಡುವವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಕ್ಲಾಸಿನಲ್ಲಿ, ಆಫೀಸಿನಲ್ಲಿ ನೀವು ಈ ಮಾತಿಗೆ ಏನನ್ನುತ್ತೀರಿ? 'ಅಶ್ಯೂರೆನ್ಸ್' ಅಂತಲೇ ಅನ್ನುತ್ತೀರಾದರೆ, ಅದರ ಎರಡು ಮಟ್ಟಗಳನ್ನು ಕನ್ನಡದಲ್ಲಿ ಹೇಗೆ ಬಿಡಿಸಿ ಹೇಳುತ್ತೀರಿ?