ಸಹಾಯ ಬೇಕು: ಕಲಬುರಗಿ, ಯಾದಗಿರಿ ಕಡೆಯ ಮಾತಿನ ವಾಯ್ಸ್ ನೋಟ್

ಪುಣೆ ಕನ್ನಡಿಗರಿಗೆ ನಮಸ್ಕಾರ. ನಾನಿಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಆರು ಜನರ ತಂಡ, ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ನಡೆಸುವ ತಂತ್ರಜ್ಞಾನ ಸ್ಪರ್ಧೆಯಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ತಯಾರಾಗುತ್ತಿದೆ. ಮೊದಲು ಕಾಲೇಜಿನೊಳಗಿನ ಸುತ್ತು ದಾಟಬೇಕು, 36 ಗಂಟೆಯ ಫೈನಲ್ ಆಮೇಲಿನ ಮಾತು.

ಹಿಂಜವಡಿ, ವಾಕಡ್ ಕಡೆ ಕಟ್ಟಡ ಕೆಲಸಕ್ಕೆ ಬಂದ ನಮ್ಮವರು ಹಾಜರಿ, ಕೂಲಿ ಲೆಕ್ಕವನ್ನು ಬಾಯಲ್ಲೇ ಹೇಳಿ ಬರೆಸುವ ಆಪ್ ನಮ್ಮದು. ಆದರೆ "ಪಗಾರ ಇನ್ನಾ ಬಂದಿಲ್ರಿ" ಅಂದರೆ ಫೋನ್ "ಪ್ರಕಾರ" ಅಂತ ಬರೆದುಕೊಳ್ಳುತ್ತದೆ! ತಂಡದಲ್ಲಿ ಕನ್ನಡ ಬರುವುದು ನನಗೊಬ್ಬಳಿಗೇ, ಅದೂ ಮೈಸೂರಿನದು.

ಕಲಬುರಗಿ, ಯಾದಗಿರಿ ಕಡೆಯ ಅಕ್ಕ, ಅಣ್ಣಂದಿರು ಹತ್ತು ನಿಮಿಷ ಮಾತಾಡಿ ಕಳಿಸುತ್ತೀರಾ? ಓದಿದ ಹಾಗೆ ಬೇಡ, ಮನೆಯಲ್ಲಿ ಮಾತಾಡುವ ಹಾಗೇ ಇರಲಿ. ಹಿಂದೆ ಗಲಾಟೆ ಇದ್ದರೆ ಇನ್ನೂ ಒಳ್ಳೆಯದು, ಸೈಟ್ ಸುಮ್ನೆ ಇರುತ್ತದಾ? ಹೆಸರು, ನಂಬರ್ ಮಾತ್ರ ಹೇಳಬೇಡಿ. ಕೋಡ್ ಬರೆಯುವವರು ಬೇಡ, ಆರೂ ಜನ ಒಂದೇ ಕಾಲೇಜಿನವರಿರಬೇಕು ಅಂತ ನಿಯಮವಿದೆ. ಇಲ್ಲೇ ಕಾಮೆಂಟ್ ಮಾಡಿ, ನಾನೇ ಮೆಸೇಜ್ ಮಾಡುತ್ತೇನೆ.